ಹಲಗೆಯ ಕೆಳಗೆ ನೀರಿಗೊಂದು ದಾರಿ

ತಾರಸಿ, ಬಾಲ್ಕನಿ, ಹಿತ್ತಲ ಕಾಂಕ್ರೀಟಿನ ಮೇಲೆ ಮರದ ಡೆಕ್ ಹಾಸುವ ಹಂಬಲ ನಮ್ಮ ನಗರಗಳಲ್ಲಿ ಹೆಚ್ಚುತ್ತಿದೆ. ಆ ಮರ ಎಷ್ಟು ಮಳೆಗಾಲ ಬಾಳುತ್ತದೆ ಎಂಬುದು ತೀರ್ಮಾನವಾಗುವುದು ಹಲಗೆಯಡಿಯ ಎರಡು ಇಂಚು ಜಾಗದಲ್ಲಿ.

ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಎದ್ದ ಮೇಲೆ ಅಂಗಳಕ್ಕೆ ಜಾಗ ಉಳಿಯುವುದಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹೊಸ ಬಡಾವಣೆಗಳಲ್ಲಿ ಅಂಗಳದ ಕೆಲಸವನ್ನೆಲ್ಲ ಈಗ ತಾರಸಿ ಹೊತ್ತುಕೊಂಡಿದೆ. ಹಪ್ಪಳ ಒಣಗುವುದು ಅಲ್ಲಿ, ಮಲ್ಲಿಗೆ ಕುಂಡ ಇರುವುದು ಅಲ್ಲಿ, ಸಂಜೆ ಗಾಳಿಗೆ ಕುರ್ಚಿ ಹಾಕಿ ಕೂರುವುದೂ ಅಲ್ಲೇ. ಆದರೆ ಏಪ್ರಿಲ್ ಬಿಸಿಲು ಕುಡಿದ ಮೋಲ್ಡಿನ ಮೇಲೆ ಹೊತ್ತು ಇಳಿದ ಮೇಲೂ ಬರಿಗಾಲು ಊರಲಾಗದು. ಕಾಂಕ್ರೀಟು ತನ್ನೊಳಗಿನ ಕಾವನ್ನು ಅಂಗಾಲಿಗೆ ಬೇಗ ದಾಟಿಸುತ್ತದೆ; ಮರ ಅದನ್ನು ತಡೆತಡೆದು ಬಿಡುತ್ತದೆ. ತಾರಸಿಯ ಒಂದು ಮೂಲೆಯಲ್ಲಾದರೂ ಮರದ ಹಲಗೆ ಹಾಸಬೇಕು ಎಂಬ ಆಸೆಗೆ ಇಷ್ಟು ಕಾರಣ ಸಾಕು. ಚಂದದ ಮಾತು ಆಮೇಲೆ.

ಆಸೆ ಸರಿಯಾದದ್ದೇ. ಆದರೆ ಹಾಸಿದ ಹಲಗೆ ಮೂರು ನಾಲ್ಕು ಮಳೆಗಾಲದಲ್ಲೇ ಮೆತ್ತಗಾಗಿ, ಸ್ಕ್ರೂ ಸುತ್ತ ಕಪ್ಪಗಾಗಿ, ಅಂಚಿನಲ್ಲಿ ಪುಡಿಯಾಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಆಗ ಮಾಲೀಕರು ಮರವನ್ನು ಬೈಯುತ್ತಾರೆ, ಮಾರಿದವರನ್ನು ಬೈಯುತ್ತಾರೆ, ಕೊನೆಗೆ ಪ್ಲಾಸ್ಟಿಕ್ ಹುಲ್ಲು ತಂದು ಹಾಸುತ್ತಾರೆ. ಮರದ ಮೇಲೆ ಬಂದ ಈ ಅಪವಾದ ನನಗೆ ನೋವಿನ ಸಂಗತಿ. ಹೆಚ್ಚಿನ ಕಡೆ ತಪ್ಪು ಮರದ್ದಲ್ಲವೇ ಅಲ್ಲ.

ಮರ ಕೊಳೆಯುವುದು ಹೇಗೆ

ಮರ ಕೊಳೆಯುತ್ತದೆ ಎಂದರೆ ಶಿಲೀಂಧ್ರ ಅದನ್ನು ತಿನ್ನುತ್ತಿದೆ ಎಂದರ್ಥ. ಶಿಲೀಂಧ್ರಕ್ಕೆ ಗಾಳಿ ಬೇಕು, ಹದವಾದ ಬಿಸುಪು ಬೇಕು, ತಿನ್ನಲು ಮರ ಬೇಕು, ನೀರು ಬೇಕು. ಮೊದಲ ಮೂರನ್ನು ತಪ್ಪಿಸಲು ನಮ್ಮಿಂದಾಗದು. ನಮ್ಮ ಕೈಯಲ್ಲಿರುವುದು ನೀರೊಂದೇ. ಮರದ ತೇವಾಂಶ ಅದರ ಒಣತೂಕದ ಶೇ 20ರೊಳಗೆ ಇದ್ದರೆ ಕೊಳೆಸುವ ಶಿಲೀಂಧ್ರ ತಲೆ ಎತ್ತುವುದಿಲ್ಲ. ಶೇ 28–30 ದಾಟಿ ಅಲ್ಲೇ ನಿಂತರೆ ಅದಕ್ಕೆ ಹಬ್ಬ. ಒಂದು ಜಡಿಮಳೆಗೆ ತೊಯ್ದ ಹಲಗೆ ಮಾರನೆಯ ದಿನದ ಗಾಳಿ ಬಿಸಿಲಿಗೆ ಒಣಗಿದರೆ ಅದಕ್ಕೆ ಏನೂ ಆಗದು. ಹಲಗೆಯ ಬೆನ್ನು ಕಾಂಕ್ರೀಟಿಗೆ ಅಂಟಿಕೊಂಡಿದ್ದರೆ ಮಾತ್ರ ಕಥೆ ಬೇರೆ. ಕಾಂಕ್ರೀಟಿನ ಸಣ್ಣ ರಂಧ್ರಗಳು ನೀರನ್ನು ಹೀರಿ ಹಿಡಿದಿಡುತ್ತವೆ. ಮೇಲೆ ಬಿಸಿಲು ಹೊಡೆದು ಹಲಗೆಯ ಮುಖ ಒಣಗಿದರೂ ಅಡಿಭಾಗ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಒಂದೇ ಹಲಗೆಯ ಮೇಲ್ಭಾಗ ಕುಗ್ಗಿ, ಕೆಳಭಾಗ ಉಬ್ಬಿ, ಅಂಚುಗಳು ಮೇಲಕ್ಕೇಳುತ್ತವೆ. ಹಲಗೆ ಬಾಗುವುದೂ ಕೊಳೆಯುವುದೂ ಹೀಗೆ ಒಂದೇ ಕಾರಣದಿಂದ ಶುರುವಾಗುತ್ತವೆ.

ಇದು ನಮ್ಮ ಬಡಗಿಗಳಿಗೆ ಗೊತ್ತಿಲ್ಲದ ವಿಚಾರವಲ್ಲ. ಮಲೆನಾಡಿನ ತೊಟ್ಟಿಮನೆಯಲ್ಲಿ ಮರದ ಕಂಬವನ್ನು ನೆಲದಲ್ಲಿ ಹೂಳುತ್ತಿರಲಿಲ್ಲ. ಅಡಿಯಲ್ಲೊಂದು ಕಲ್ಲು ಕೂರಿಸಿ, ಅದರ ಮೇಲೆ ಕಂಬ ನಿಲ್ಲಿಸುತ್ತಿದ್ದರು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹತ್ತಿರದ ಟಿಪ್ಪು ಬೇಸಿಗೆ ಅರಮನೆಗೆ ಹೋದವರು ಕಂಬಗಳ ಕೆತ್ತನೆಯಷ್ಟೇ ಗಮನವಿಟ್ಟು ಬುಡವನ್ನೂ ನೋಡಬೇಕು. ಹೈದರಾಲಿ ಆರಂಭಿಸಿ 1791ರಲ್ಲಿ ಟಿಪ್ಪು ಮುಗಿಸಿದ ಆ ತೇಗದ ಕಟ್ಟಡದ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿವೆ. ನೆಲದ ತೇವ ಕಲ್ಲಿನಲ್ಲೇ ತಡೆದು ನಿಲ್ಲುತ್ತದೆ. ಗೆದ್ದಲು ಹತ್ತಿದರೆ ಅದರ ಮಣ್ಣಿನ ದಾರಿ ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ.

ಆದರೆ ಹಳೆಯ ಮನೆಯ ಜಾಣ್ಮೆಯನ್ನು ಹಾಗೆಯೇ ಎತ್ತಿ ತಾರಸಿಗೆ ತಂದರೆ ಸಾಲದು. ಆ ಕಂಬಗಳಿಗೆ ಅಗಲವಾದ ಸೂರಿನ ರಕ್ಷಣೆ ಇತ್ತು. ನೆಟ್ಟಗೆ ನಿಂತ ಮರದ ಮೇಲೆ ನೀರು ಉಳಿಯುವುದಿಲ್ಲ. ಡೆಕ್ಕಿನ ಹಲಗೆ ಬಯಲಿನಲ್ಲಿ ಮಲಗಿರುತ್ತದೆ. ಮಳೆ, ಬಿಸಿಲು, ಉದುರಿದ ಎಲೆ, ಕುಂಡದಿಂದ ಇಳಿದ ನೀರು, ಎಲ್ಲವನ್ನೂ ಅದು ಬೆನ್ನು ಕೊಟ್ಟು ತಡೆಯಬೇಕು. ಮರವನ್ನು ಇದಕ್ಕಿಂತ ಕಷ್ಟದ ಜಾಗದಲ್ಲಿ ಇಡುವುದು ವಿರಳ. ಅದಕ್ಕೇ ಅಡಿಭಾಗದ ಕೆಲಸ ಅಷ್ಟು ಮುಖ್ಯ.

ಮೊದಲು ಮೋಲ್ಡಿನ ಪರೀಕ್ಷೆ

ಮರ ತರುವ ಮೊದಲು ಸ್ಲ್ಯಾಬನ್ನು ತಿಳಿದುಕೊಳ್ಳಬೇಕು. ಎರಡು ಬಕೆಟ್ ನೀರು ಸುರಿದು ಅದು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಮೀಟರಿಗೆ 10 ಮಿಲಿಮೀಟರಿನಷ್ಟಾದರೂ ವಾಟ ಇರಬೇಕು, ಅದು ಗೋಡೆಯಿಂದ ಆಚೆಗೆ, ಮಳೆನೀರಿನ ಪೈಪಿನ ಕಡೆಗೆ ಇರಬೇಕು. ನೀರು ನಿಲ್ಲುವ ಗುಂಡಿಗಳನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ ಮೊದಲೇ ಸರಿಪಡಿಸಬೇಕು. ಹಲಗೆ ಮುಚ್ಚಿದ ಮೇಲೆ ಆ ಗುಂಡಿ ಕಾಣುವುದಿಲ್ಲ. ಆದರೆ ಸೊಳ್ಳೆಗೆ ಕಾಣುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಲಿ.

ತಾರಸಿಯಾದರೆ ಇನ್ನೊಂದು ಪರೀಕ್ಷೆ ಬೇಕು. ಪೈಪುಗಳ ಬಾಯಿ ಕಟ್ಟಿ, ಒಂದೆರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಿನ ಸೂರನ್ನು ನೋಡಬೇಕು. ಎಲ್ಲಾದರೂ ಒದ್ದೆ ಕಂಡರೆ ವಾಟರ್‌ಪ್ರೂಫಿಂಗ್ ಮೊದಲು, ಡೆಕ್ ಆಮೇಲೆ. ವಾಟರ್‌ಪ್ರೂಫಿಂಗ್ ಆಗಿರುವ ತಾರಸಿಗೆ ಡ್ರಿಲ್ ಹಾಕಲೇಬಾರದು. ಒಂದೊಂದು ತೂತೂ ಮುಂದಿನ ವರ್ಷದ ಸೋರಿಕೆಗೆ ದಾರಿ. ಇಲ್ಲಿ ಡೆಕ್ ತನ್ನ ಭಾರದಿಂದಲೇ ಕೂರಬೇಕು. ಚೌಕಟ್ಟಿನ ತುಂಡುಗಳನ್ನು ಒಂದಕ್ಕೊಂದು ಬಿಗಿದು ಒಂದೇ ಹಾಸಾಗಿಸಿದರೆ ಎತ್ತರದ ಗಾಳಿಗೂ ಅದು ಅಲುಗದು.

ಭಾರದ ಚಿಂತೆ ಬಹಳ ಜನರಿಗಿದೆ. ಲೆಕ್ಕ ಹಾಕಿ ನೋಡೋಣ. ಓಡಾಡುವ ತಾರಸಿಗೆ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೊರೆ ಹಿಡಿದು ವಿನ್ಯಾಸ ಮಾಡಬೇಕೆಂದು ಭಾರತೀಯ ಮಾನಕ ಹೇಳುತ್ತದೆ. 25 ಮಿ.ಮೀ. ದಪ್ಪದ ತೇಗದ ಹಲಗೆ, ಅದರಡಿಯ ಜಂತೆ, ಎಲ್ಲ ಸೇರಿ 20ರಿಂದ 25 ಕೆ.ಜಿ. ಆದೀತು. ಡೆಕ್ ಜೊತೆಗೆ ಕಟ್ಟಿಸುವ ಹೂದೊಟ್ಟಿಯೇ ನಿಜವಾದ ಭಾರ. ಒಂದು ಅಡಿ ಆಳದ ಹಸಿ ಮಣ್ಣು ಚದರ ಮೀಟರಿಗೆ 500 ಕೆ.ಜಿ. ದಾಟುತ್ತದೆ. ಅದಕ್ಕೆ ಎಂಜಿನಿಯರರ ಮಾತು ಕೇಳದೆ ಕೈ ಹಾಕಬಾರದು.

ಎತ್ತರದ ಲೆಕ್ಕವೂ ಮೊದಲೇ ಆಗಬೇಕು. ಹಲಗೆ 25, ಜಂತೆ 50, ಅಡಿಯ ಪ್ಯಾಕಿಂಗ್ 10, ಒಟ್ಟು 85 ಮಿಲಿಮೀಟರು. ಅಂದರೆ ಮೂರೂವರೆ ಇಂಚಿಗೆ ಸ್ವಲ್ಪ ಕಡಿಮೆ. ಡೆಕ್ಕಿನ ಮೇಲ್ಮೈ ಹೊಸ್ತಿಲಿಗಿಂತ ತಗ್ಗಿನಲ್ಲೇ ಇರಬೇಕು. ಹೊಸ್ತಿಲಿಗೆ ಸಮ ಬಂದರೆ ಬೀಸುಮಳೆಯ ನೀರು ನೇರ ಮನೆಯೊಳಗೆ. ನೆಲ ಎಷ್ಟು ಏರಿತೋ ಪ್ಯಾರಾಪೆಟ್ ಅಷ್ಟು ತಗ್ಗಿದಂತೆ. ಡೆಕ್ಕಿನ ಮೇಲಿಂದ ಅಳೆದರೂ ಅದು ಒಂದು ಮೀಟರಿಗೆ ಕಡಿಮೆಯಾಗಬಾರದು. ಮಕ್ಕಳಿರುವ ಮನೆಯಲ್ಲಿ ಈ ಮೂರು ಇಂಚು ಸಣ್ಣ ವಿಷಯವಲ್ಲ. ಹೊಸ್ತಿಲಿನ ಎತ್ತರ ಸಾಲದ ಮನೆಗೆ ನನ್ನ ಸಲಹೆ ಒಂದೇ: ಅಲ್ಲಿ ಡೆಕ್ ಬೇಡ, ಬಿಸಿಲು ತಡೆಯುವ ಮಣ್ಣಿನ ಹೆಂಚು ಹಾಸಿ.

ಜಂತೆ ಒಡ್ಡಾಗದಿರಲಿ

ಡೆಕ್ಕುಗಳು ಹಾಳಾಗುವುದು ಬಹುಮಟ್ಟಿಗೆ ಜಂತೆ ಕೂರಿಸುವ ಹಂತದಲ್ಲಿ. ಮರದ ರೀಪರುಗಳನ್ನು ನೇರ ಮೋಲ್ಡಿನ ಮೇಲೆ ಮಲಗಿಸಿ, ಹಲಗೆ ಹೊಡೆದು ಮುಗಿಸುವುದು ಬೇಗ ಆಗುವ ಕೆಲಸ. ವಾಟಕ್ಕೆ ಅಡ್ಡವಾಗಿ ಮಲಗಿದ ರೀಪರು ಹೊಲದ ಬದುವಿನಂತೆ ನೀರು ತಡೆದು ನಿಲ್ಲಿಸುತ್ತದೆ. 1,000 ಚದರ ಅಡಿಯ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 4,600 ಲೀಟರಿಗೂ ಹೆಚ್ಚು ನೀರು. ಬೆಂಗಳೂರಿನಲ್ಲಿ ಮೇ ತಿಂಗಳಲ್ಲೋ ಸೆಪ್ಟೆಂಬರ್‌ನಲ್ಲೋ ಒಂದೇ ಸಂಜೆಗೆ ಅಷ್ಟು ಸುರಿಯುವುದುಂಟು. ಅಷ್ಟೂ ನೀರು ಹಲಗೆಯ ಸಂದಿನಿಂದ ಇಳಿದು, ಅಡಿಯಲ್ಲಿ ಹರಿದು, ಪೈಪು ಸೇರಬೇಕು. ದಾರಿಯಲ್ಲಿ ಒಂದು ರೀಪರು ಅಡ್ಡ ಮಲಗಿದ್ದರೂ ಅದರ ಹಿಂದೆ ಕೆಸರು ಕೂರುತ್ತದೆ, ಎಲೆ ಕೊಳೆಯುತ್ತದೆ, ಆ ಎಲೆಯೊಂದಿಗೆ ರೀಪರೂ ಕೊಳೆಯುತ್ತದೆ.

ಪರಿಹಾರ ಸುಲಭ. ಸಾಧ್ಯವಾದಲ್ಲೆಲ್ಲ ಜಂತೆಗಳು ವಾಟದ ಉದ್ದಕ್ಕೇ ಸಾಗಲಿ. ಯಾವ ದಿಕ್ಕಿನಲ್ಲಿದ್ದರೂ ಅವುಗಳ ಅಡಿಯಲ್ಲಿ ಅಡಿ–ಒಂದೂವರೆ ಅಡಿಗೊಂದರಂತೆ ರಬ್ಬರಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಪ್ಯಾಕಿಂಗ್ ಇರಲಿ. ಮರದ ಚೂರು ಪ್ಯಾಕಿಂಗ್ ಆಗಬಾರದು. ಮೊದಲು ಕೊಳೆಯುವುದು ಅದೇ. ಸ್ಲ್ಯಾಬಿಗೂ ಜಂತೆಗೂ ನಡುವೆ ಉಳಿಯುವ 10 ಮಿಲಿಮೀಟರ್ ಸಂದಿನಲ್ಲಿ ನೀರು ಹರಿಯುತ್ತದೆ, ನೀರು ಹೋದ ಮೇಲೆ ಗಾಳಿ ಓಡಾಡುತ್ತದೆ. ನಾಲ್ಕು ಮೀಟರ್ ಉದ್ದದ ಡೆಕ್ಕಿಗೆ ಮೀಟರಿಗೆ 10 ಮಿ.ಮೀ. ವಾಟವಿದ್ದರೆ ತಗ್ಗಿನ ತುದಿ 40 ಮಿ.ಮೀ. ಕೆಳಗಿರುತ್ತದೆ. ಡೆಕ್ ಪೂರ್ತಿ ಸಮತಟ್ಟಾಗಿ ಬೇಕೆಂದರೆ ತಗ್ಗಿನ ಕಡೆ ಪ್ಯಾಕಿಂಗ್ ಎತ್ತರಿಸುತ್ತ ಹೋಗಬೇಕು. ಇದಕ್ಕೆ ರಸಮಟ್ಟಕ್ಕಿಂತ ಗಾರೆಯವರ ಟ್ಯೂಬ್ ಲೆವೆಲ್ ಚೆನ್ನಾಗಿ ಕೆಲಸ ಕೊಡುತ್ತದೆ.

25 ಮಿ.ಮೀ. ಹಲಗೆಗೆ ಜಂತೆಯಿಂದ ಜಂತೆಗೆ 400ರಿಂದ 450 ಮಿ.ಮೀ. ಅಂತರ ಸರಿ, ಹೆಚ್ಚಾದರೆ ನಡೆವಾಗ ಹಲಗೆ ತೂಗುತ್ತದೆ. ಹಲಗೆಯ ನಡುವೆ 5–6 ಮಿ.ಮೀ. ಸಂದು, ಗೋಡೆಯ ಬದಿಗೆ ಕನಿಷ್ಠ 10 ಮಿ.ಮೀ. ಬಿಡಬೇಕು. ಮರ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ವರ್ಷವಿಡೀ ಉಸಿರಾಡುತ್ತಿರುತ್ತದೆ. ಜಂತೆಯ ಬೆನ್ನಿಗೆ ಹಲಗೆ ಕೂರುವ ಜಾಗದಲ್ಲಿ ನೀರು ಸಿಕ್ಕಿಬೀಳುವುದರಿಂದ, ಅಲ್ಲಿ ಮೊದಲೇ ಡಾಂಬರು ಅಥವಾ ಬ್ಯುಟೈಲ್ ಅಂಟುಪಟ್ಟಿ ಎಳೆದರೆ ಸ್ಕ್ರೂ ತೂತಿನೊಳಗೆ ನೀರು ಇಳಿಯುವುದಿಲ್ಲ. ಸಣ್ಣ ಖರ್ಚು, ಆದರೆ ಜಂತೆಯ ಆಯುಸ್ಸನ್ನು ಕಾಯುವುದು ಇದು.

ಪೈಪಿನ ಬಾಯಿರುವ ಕಡೆ ಎರಡಡಿ ಚೌಕದ ಒಂದು ಭಾಗ ಕೈಯಿಂದ ಎತ್ತುವಂತಿರಲಿ. ವರ್ಷಕ್ಕೆರಡು ಸಲ ಅದನ್ನೆತ್ತಿ ಕಸ ತೆಗೆಯದಿದ್ದರೆ ಮೇಲೆ ಹೇಳಿದ ಯಾವ ಎಚ್ಚರಿಕೆಯೂ ಉಳಿಯದು. ನೆಲಮಟ್ಟದ ಹಿತ್ತಲಲ್ಲಾದರೆ ಸ್ಲ್ಯಾಬಿನ ಅಂಚು ನಾಲ್ಕೂ ಕಡೆ ಕಣ್ಣಿಗೆ ಕಾಣುವಂತಿರಲಿ. ಗೆದ್ದಲು ಬರುವುದು ಕಾಂಕ್ರೀಟಿನ ಬಿರುಕಿನಿಂದ, ಅಂಚಿನಿಂದ. ಅದರ ಮಣ್ಣಿನ ಕೊಳವೆ ಕಂಡ ದಿನವೇ ಒಡೆಯಬಹುದು. ಕಾಣದಂತೆ ಮುಚ್ಚಿದರೆ ಹಲಗೆ ಟೊಳ್ಳಾದ ಮೇಲಷ್ಟೇ ಗೊತ್ತಾಗುತ್ತದೆ.

ಯಾವ ಮರ?

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ 1988ರಲ್ಲಿ ಈ ಸಂಸ್ಥೆಯಾಯಿತು. ಇಂಥ ಸಂಸ್ಥೆಗಳಲ್ಲಿ ಮರದ ಬಾಳಿಕೆಯನ್ನು ಅಳೆಯುವ ವಿಜ್ಞಾನ ನೋಡಲು ಸರಳವಾದದ್ದು: ಗೂಟಗಳನ್ನು ಅರ್ಧ ಮಣ್ಣಿನಲ್ಲಿ ಹೂತು, ಗೆದ್ದಲಿಗೂ ಶಿಲೀಂಧ್ರಕ್ಕೂ ಬಿಟ್ಟು, ವರ್ಷಗಟ್ಟಲೆ ಕಾಯುವುದು. ಸರಾಸರಿ 120 ತಿಂಗಳು ದಾಟಿದ ಮರ ಮೊದಲ ದರ್ಜೆ, 60ರಿಂದ 120 ತಿಂಗಳು ಎರಡನೆಯದು, 60ಕ್ಕೂ ಕಡಿಮೆಯಾದರೆ ಮೂರನೆಯದು. ತೇಗ, ಹೊನ್ನೆ, ಜಂಬೆ, ಕಿರಾಲುಬೋಗಿ ಮೊದಲ ದರ್ಜೆಯವು. ಮಾವು, ರಬ್ಬರ್ ಮರ ಮೂರನೆಯ ದರ್ಜೆ. ಮಣ್ಣಿನಿಂದ ಎತ್ತರದಲ್ಲಿ, ಒಣಗಲು ಬಿಟ್ಟ ಮರ ಇದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ.

ಇಲ್ಲೊಂದು ಎಚ್ಚರ ಬೇಕು. ಈ ದರ್ಜೆಯೆಲ್ಲ ಚೇಗಿಗೆ ಮಾತ್ರ. ಕಾಂಡದ ಹೊರಪದರದ ಬಿಳಿಮರ ಯಾವ ಜಾತಿಯದ್ದಾದರೂ ಬೇಗ ಕೊಳೆಯುತ್ತದೆ. ತೋಟದಲ್ಲಿ ಹತ್ತು ಹದಿನೈದು ವರ್ಷ ಬೆಳೆಸಿ ಕಡಿದ ತೇಗದಲ್ಲಿ ಬಿಳಿಮರದ ಪಾಲು ದೊಡ್ಡದು. ‘ತೇಗವೇ ಕೊಟ್ಟಿದ್ದೇನೆ’ ಎಂಬ ಮಾತು ಸುಳ್ಳಲ್ಲದಿರಬಹುದು, ಆದರೆ ಸಾಮಿಲ್ಲಿನಲ್ಲಿ ಒಂದೊಂದು ಹಲಗೆಯನ್ನೂ ಮಗುಚಿ ಅಂಚಿನ ಬಿಳುಪು ನೋಡಿ ಆರಿಸಬೇಕು.

ಕಡಿಮೆ ಬೆಲೆಗೆ ಸಿಗುತ್ತದೆಂದು ಆಮದು ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಮರವನ್ನು ಡೆಕ್ಕಿಗೆ ಬಳಸುವವರು ಬಹಳ. ಅದರ ಮೇಲೆ ‘ಎಚ್.ಟಿ.’ ಎಂಬ ಮುದ್ರೆ ಕಂಡು ಸಂಸ್ಕರಿಸಿದ ಮರವೆಂದು ನಂಬುತ್ತಾರೆ. ಆ ಮುದ್ರೆಯ ಅರ್ಥ ಇಷ್ಟೇ: ಕೀಟಗಳು ಗಡಿ ದಾಟಿ ಬಾರದಂತೆ ಮರದ ಒಳಭಾಗವನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಲಾಗಿದೆ. ಅದು ಅಂದಿನ ಹುಳುವನ್ನು ಕೊಂದಿದೆ, ಮುಂದಿನ ಮಳೆಗೆ ಯಾವ ರಕ್ಷಣೆಯನ್ನೂ ಕೊಟ್ಟಿಲ್ಲ. ಪೀಠೋಪಕರಣಕ್ಕೆ ಬರುವ ರಬ್ಬರ್ ಮರಕ್ಕೆ ಬೋರಾನ್ ಉಪ್ಪು ಕುಡಿಸಿರುತ್ತಾರೆ. ಮನೆಯೊಳಗೆ ಅದು ಚೆನ್ನ. ಹೊರಗೆ ಮಳೆಗೆ ಕರಗಿ ಹೋಗುತ್ತದೆ.

ಡೆಹ್ರಾಡೂನಿನ ಒಂದು ದೊಡ್ಡ ಸಂಶೋಧನೆ

ಮೆದು ಮರವನ್ನೂ ಬಯಲಿನಲ್ಲಿ ಬಾಳಿಸುವ ವಿದ್ಯೆ ಲೋಕಕ್ಕೆ ಸಿಕ್ಕಿದ್ದು ನಮ್ಮ ದೇಶದಿಂದ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಂರಕ್ಷಕವೊಂದನ್ನು ಕಂಡುಹಿಡಿದರು. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು ಕೊಲ್ಲುತ್ತದೆ, ಇವೆರಡೂ ಮಳೆಗೆ ತೊಳೆದುಹೋಗದಂತೆ ಮರದ ನಾರಿಗೆ ಕಚ್ಚಿಸುವುದು ಕ್ರೋಮಿಯಂ. ಅಲ್ಲಿವರೆಗಿನ ಉಪ್ಪುಗಳು ನೀರಿಗೆ ಕರಗಿ ಹೋಗುತ್ತಿದ್ದವು. ಈ ‘ಕಚ್ಚಿಸುವ’ ಉಪಾಯವೇ ಕಾಮೇಶಂ ಅವರ ದೊಡ್ಡ ಕೊಡುಗೆ. ಉಕ್ಕಿನ ಉರುಳೆಯೊಳಗೆ ಮರವಿಟ್ಟು, ಗಾಳಿ ಎಳೆದು, ಒತ್ತಡದಲ್ಲಿ ಈ ದ್ರಾವಣ ಕುಡಿಸಿದ ಹಸಿರು ಛಾಯೆಯ ಪೈನ್ ಮರದಿಂದಲೇ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹಿತ್ತಲ ಡೆಕ್ಕುಗಳು ದಶಕಗಳ ಕಾಲ ಎದ್ದವು.

ಆರ್ಸೆನಿಕ್ ಕುರಿತ ಆತಂಕದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದು ನಿಂತಿತು. ಆಸ್ಟ್ರೇಲಿಯಾದಲ್ಲಿ 2006ರಿಂದ ಹೊಸ ಡೆಕ್ ಹಲಗೆಗಳಿಗೆ ನಿರ್ಬಂಧ ಬಂತು. ಈಗ ತಾಮ್ರವನ್ನೇ ಮುಖ್ಯವಾಗಿಟ್ಟುಕೊಂಡ ಬೇರೆ ಸಂರಕ್ಷಕಗಳಿವೆ. ಮಗು ತೆವಳುವ, ಬರಿಗಾಲಲ್ಲಿ ಓಡಾಡುವ ಹಲಗೆಗೆ ಆರ್ಸೆನಿಕ್ ಇಲ್ಲದ್ದನ್ನೇ ಕೇಳಿ ತರಬೇಕು. ಸಂಸ್ಕರಿಸಿದ ಮರವನ್ನು ಕುಯ್ದ ಕಡೆ ಒಳಗಿನ ಬೆತ್ತಲೆ ಮರ ಹೊರಬೀಳುವುದರಿಂದ ಆ ತುದಿಗೆ ಮತ್ತೆ ಸಂರಕ್ಷಕ ಬಳಿಯಬೇಕು. ಅದರ ಚೂರುಗಳನ್ನು ಎಂದೂ ಒಲೆಗೆ ಹಾಕಬಾರದು. ಹೊಗೆಯೂ ಬೂದಿಯೂ ವಿಷ.

ಸ್ಕ್ರೂ, ಎಣ್ಣೆ, ಪೊರಕೆ

ಕಬ್ಬಿಣವನ್ನು ಅಳಲೆಕಾಯಿಯ ಒಗರಿಗೆ ಸೇರಿಸಿ ಕಪ್ಪು ಮಸಿ ಮಾಡುತ್ತಿದ್ದ ನಾಡು ನಮ್ಮದು. ಅದೇ ರಸಾಯನ ಡೆಕ್ಕಿನಲ್ಲೂ ನಡೆಯುತ್ತದೆ. ಮರದ ಒಗರಿಗೆ ಕಬ್ಬಿಣದ ಮೊಳೆ ತಾಗಿ, ಮಳೆ ಸೇರಿದರೆ ಪ್ರತಿ ಮೊಳೆಯ ಸುತ್ತ ಕಪ್ಪು ಕಲೆ ಹರಡುತ್ತದೆ. ತಾಮ್ರ ತುಂಬಿದ ಸಂಸ್ಕರಿತ ಮರವಂತೂ ಸಾದಾ ಕಬ್ಬಿಣವನ್ನು ಬೇಗ ತಿಂದುಬಿಡುತ್ತದೆ. ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬೇಕು. ಒಳನಾಡಿಗೆ 304 ದರ್ಜೆ ನಡೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ 316 ಹಾಕಬೇಕು. ಗಟ್ಟಿ ಮರಕ್ಕೆ ಮೊದಲು ತೂತು ಕೊರೆದು, ಪ್ರತಿ ಜಂತೆಗೆ ಎರಡರಂತೆ, ಅಂಚಿನಿಂದ ಮುಕ್ಕಾಲು ಇಂಚು ಒಳಗೆ ಬಿಗಿದರೆ ಹಲಗೆ ಸೀಳದು.

ಹೊಳೆಯುವ ವಾರ್ನಿಷ್ ಬಯಲಿನಲ್ಲಿ ಒಂದೆರಡು ಬೇಸಿಗೆಗೆ ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರು ಅದರಡಿಯಲ್ಲೇ ಸಿಕ್ಕಿಬೀಳುತ್ತದೆ. ಒಳಗಿಳಿಯುವ ಎಣ್ಣೆ ಮೇಲು. ಕರಾವಳಿಯವರು ದೋಣಿಗೂ ಮನೆಯ ಮರಕ್ಕೂ ಗೇರೆಣ್ಣೆ ಬಳಿಯುತ್ತ ಬಂದಿದ್ದಾರೆ. ಆದರೆ ಅದು ಚರ್ಮ ಸುಡುವಂಥದ್ದು, ಜಂತೆಗೆ ಆದೀತು, ಕಾಲಿಡುವ ಹಲಗೆಗೆ ಬೇಡ. ಹಲಗೆಗೆ ಅಗಸೆಎಣ್ಣೆ ಅಥವಾ ಡೆಕ್ಕಿಗೆಂದೇ ಮಾಡಿದ ಎಣ್ಣೆ ಸಾಕು. ಅಗಸೆಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ಒಣಗುವಾಗ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಸಿ ಹರಡಿ ಒಣಗಿಸಿ. ಎಣ್ಣೆ ಕೊಟ್ಟರೂ ಬಿಸಿಲಿಗೆ ಹಲಗೆ ನಿಧಾನವಾಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಅದು ಮೇಲ್ಪದರದ ಬದಲಾವಣೆ ಮಾತ್ರ, ಕೊಳೆತದ ಗುರುತಲ್ಲ.

ವರ್ಷದ ಆರೈಕೆ ಹೆಚ್ಚೇನಿಲ್ಲ. ಮುಂಗಾರಿಗೆ ಮೊದಲು ಸಂದುಗಳ ಕಸ ತೆಗೆದು ಒಮ್ಮೆ ಎಣ್ಣೆ, ದೀಪಾವಳಿಯ ಹೊತ್ತಿಗೆ ಪಾಚಿ ಉಜ್ಜಿ ಸಡಿಲಾದ ಸ್ಕ್ರೂ ಬಿಗಿಯುವುದು, ಕುಂಡಗಳ ಅಡಿಗೆ ಕಾಲು ಕೊಟ್ಟು ಆಗಾಗ ಜಾಗ ಬದಲಿಸುವುದು.

ಮರದ ವಯಸ್ಸಿಗೆ ತಕ್ಕ ಬಾಳು

ಅರಣ್ಯ ಇಲಾಖೆಯ ನೆಡುತೋಪಿನ ತೇಗ ಕಟಾವಿಗೆ ಬರಲು ಐವತ್ತು ಅರವತ್ತು ವರ್ಷ ಬೇಕು. ಅಷ್ಟು ವರ್ಷ ನಿಂತ ಮರ ನಮ್ಮ ತಾರಸಿಯಲ್ಲಿ ನಾಲ್ಕೇ ವರ್ಷದಲ್ಲಿ ಪುಡಿಯಾದರೆ ಅದು ಹಣದ ನಷ್ಟಕ್ಕಿಂತ ದೊಡ್ಡ ತಪ್ಪು. ಹಳೆಮನೆ ಕೆಡವಿದಾಗ ತೊಲೆ ಕಂಬಗಳನ್ನು ಜೋಪಾನವಾಗಿ ಇಳಿಸಿ, ರಂದ ಹೊಡೆದು, ಹೊಸಮನೆಯ ಬಾಗಿಲಿಗೆ ಕಿಟಕಿಗೆ ಬಳಸುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ರೂಢಿ. ಡೆಕ್ಕನ್ನೂ ಅದೇ ಮರ್ಯಾದೆಯಿಂದ ಕಟ್ಟಬೇಕು: ಮೊಳೆ ಅಂಟು ಬಿಟ್ಟು ಸ್ಕ್ರೂವಿನಲ್ಲಿ ಬಿಗಿದರೆ ಒಂದು ಹಲಗೆ ಕೆಟ್ಟಾಗ ಅದನ್ನೊಂದೇ ಬಿಚ್ಚಬಹುದು, ಸವೆದ ಮುಖವನ್ನು ಮಗುಚಿ ಹಾಕಬಹುದು, ಮನೆ ಬದಲಿಸಿದರೆ ಇಡೀ ಹಾಸನ್ನು ಜೊತೆಗೆ ಒಯ್ಯಬಹುದು.

ಇದಕ್ಕೆ ಬೇಕಾದ ಖರ್ಚು ಕಣ್ಣಿಗೆ ಕಾಣದ ಕಡೆ ಆಗುವುದರಿಂದ ಅದನ್ನು ಉಳಿಸುವ ಮನಸ್ಸು ಎಲ್ಲರಿಗೂ ಬರುತ್ತದೆ. ಬಜೆಟ್ ಬಿಗಿಯಾದರೆ ಡೆಕ್ಕಿನ ಅಳತೆ ಕಡಿಮೆ ಮಾಡಿ; ಪ್ಯಾಕಿಂಗು, ಅಂಟುಪಟ್ಟಿ, ಸ್ಕ್ರೂಗಳಲ್ಲಿ ಉಳಿಸಬೇಡಿ. ಕೆಲಸ ಒಪ್ಪಿಸುವ ದಿನ ಗುತ್ತಿಗೆದಾರರು ಹಲಗೆಯ ಬಣ್ಣದ ಮಾದರಿಗಳನ್ನು ಹರಡುತ್ತಾರೆ. ಅವನ್ನು ಮುಟ್ಟುವ ಮೊದಲು ಒಂದು ಕಾಗದ, ಪೆನ್ಸಿಲು ಕೊಟ್ಟು ಕೇಳಿ: ಈ ತಾರಸಿಯ ಮೇಲೆ ಬಿದ್ದ ನೀರು ನಿಮ್ಮ ಜಂತೆಗಳ ನಡುವೆ ಎಲ್ಲಿ ಹಾದು, ಯಾವ ಪೈಪು ಸೇರುತ್ತದೆ, ಬರೆದು ತೋರಿಸಿ. ಆ ಗೆರೆಯನ್ನು ತಡವರಿಸದೆ ಎಳೆಯುವವರಿಗೆ ಕೆಲಸ ಕೊಡಿ.